ಮೆಣಸಿನ ರಾಣಿಯ ಕಥೆಯನ್ನೋದಿದ ಬಗೆ

ಕಾದಂಬರಿಯನ್ನೋದುವುದು ಕಾಲಹರಣವೆಂಬ ಪಂಗಡಕ್ಕೆ ನಾವೂ ಬಹುಕಾಲ ಸೇರಿದವರೇ. ಹೊನ್ನಾವರದ ಮಳೆಗಾಲವೊಂದು ನಮ್ಮ ಅಭಿಪ್ರಾಯವನ್ನು ತಿದ್ದಿತು.

ಆ ಆಷಾಢದಲ್ಲಿ ಕೆ. ಎನ್. ಗಣೇಶಯ್ಯನವರ ‘ಬಳ್ಳಿಕಾಳ ಬೆಳ್ಳಿ’ ನಮ್ಮ ಮನೆಗೆ ಬಂದಿತು. ಕಾಳುಮೆಣಸಿನ ರಾಣಿಯೆಂದು ಹೆಸರಾದ ಗೇರುಸೊಪ್ಪೆಯ ಚೆನ್ನಭೈರಾದೇವಿಯೇ ಅದರ ವಸ್ತು. ಆಕೆಯ ಆಳ್ವಿಕೆಯನ್ನು 1552ರಿಂದ 1606ರ ವರೆಗೆಂದು ಎಣಿಸುವರು. ಭಟ್ಕಳದ ಬಂದರಿನ ಮೆಣಸಿನ ವ್ಯಾಪಾರದೊಡನೆಯೂ, ಕುಮಟೆಯ ಬಳಿಯ ಮಿರ್ಜಾನ ಕೋಟೆಯೊಡನೆಯೂ ಆಕೆಯ ಹೆಸರು ಸೇರಿಕೊಂಡಿರುವುದು ನಮ್ಮ ಕಡೆಯವರಿಗೆ ತಿಳಿದ ವಿಷಯವೇ.

ಈ ಲೇಖಕರ ರೋಚಕ ಕಾದಂಬರಿಗಳಲ್ಲಿ ಹಿಂದಿನ ಕಾಲವೂ ಇಂದಿನ ಕಾಲವೂ ಜಡೆಯಂತೆ ಹೆಣೆದುಕೊಂಡಿರುವುವು. ನಮ್ಮ ಮಗಳಿಗೆ ಇಂದಿನ ಶೋಧನೆಯ ಭಾಗವೇ ಬೇಕು. ಕಣ್ಣು ಮಂಜಾದ ನಮ್ಮ ತಾಯಿಯವರಿಗೆ ರಾಣಿಯ ಕಥೆಯನ್ನೇ ಓದಿ ಹೇಳಬೇಕು. ಹೀಗೆ ಒಂದೇ ಪುಸ್ತಕವು ಒಂದೇ ಚಾವಡಿಯಲ್ಲಿ ಎರಡು ಪುಸ್ತಕಗಳಾಯಿತು.

ಕುತೂಹಲವು ಪುಸ್ತಕದೊಡನೆ ಮುಗಿಯಲಿಲ್ಲ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲ್ಲೆಯು 1623ರಲ್ಲಿ ಹೊನ್ನಾವರದಿಂದ ದೋಣಿಯಲ್ಲಿ ಶರಾವತಿಯನ್ನೇರಿ ಗೇರುಸೊಪ್ಪೆಗೆ ಬಂದು, ಹಾಳುಬಿದ್ದು ಮರಗಿಡ ಬೆಳೆದ ಪಟ್ಟಣವನ್ನು ಕಂಡು ಬರೆದಿರುವನು. ರಾಣಿಯು ಅಯೋಗ್ಯನೊಬ್ಬನ ಮೋಹಕ್ಕೆ ಸಿಕ್ಕಿ ರಾಜ್ಯವನ್ನು ಕಳೆದುಕೊಂಡಳೆಂಬ ಅಪವಾದವನ್ನೂ ಅವನು ದಾಖಲಿಸಿರುವನು. ಮಗಳು ಇದನ್ನೋದಿ ಹೇಳಿದಳು. ನಾವಾದರೋ ಮರುದಿನವೇ ಅದನ್ನು ನೆರೆಮನೆಯಲ್ಲಿ ರಸವತ್ತಾಗಿ ಬಣ್ಣಿಸಿ ಬಂದೆವು.

ತಾಯಿಯವರು ಮಾತ್ರ ಒಪ್ಪಲಿಲ್ಲ. “ಅವನು ಯಾವ ಕೆಲಸಕ್ಕೆ ಇತ್ತ ಬಂದಿದ್ದ, ಮಗಾ?” ಎಂದು ಕೇಳಿದರು.

“ಪೋರ್ಚುಗೀಸರ ರಾಯಭಾರಿಯ ಜೊತೆಗೆ, ಅಮ್ಮಮ್ಮ. ಇಕ್ಕೇರಿಯ ವೆಂಕಟಪ್ಪನಾಯಕನ ಆಸ್ಥಾನಕ್ಕೆ.”

“ರಾಣಿಯನ್ನು ಗೆದ್ದವನು ಯಾರು?”

ಮಗಳು ತುಸು ತಡೆದು, “ವೆಂಕಟಪ್ಪನಾಯಕನೇ” ಎಂದಳು.

“ಇಂದಿನ ಕಥೆಯಲ್ಲಿ ಪ್ರತಿಯೊಬ್ಬನ ಮಾತನ್ನೂ ಸಂಶಯದಿಂದ ನೋಡುವವಳು ನೀನು. ಹಿಂದಿನವನ ಮಾತನ್ನು ಒಂದೇ ಗುಕ್ಕಿಗೆ ನುಂಗಿದೆಯಲ್ಲ! ಗೆದ್ದವನ ಮನೆಗೆ ಊಟಕ್ಕೆ ಹೊರಟವನು ದಾರಿಯಲ್ಲಿ ಸೋತವಳ ಒಳ್ಳೆಯ ಮಾತನ್ನು ಕೇಳುವುದುಂಟೆ?”

ಪ್ರವಾಸಿಯು ಸುಳ್ಳನೆಂದು ಇದರಿಂದ ಸಿದ್ಧವಾಗದು. ಕೇಳಿದ್ದನ್ನೇ ಅವನು ಬರೆದಿರಬಹುದು. ಆದರೆ ಹೇಳಿದವರು ಯಾರು, ಯಾರ ಹಂಗಿನವರು ಎಂದು ವಿಚಾರಿಸದೆ ನಂಬಿದ ತಪ್ಪು ನಮ್ಮದು.

ಮಳೆ ಹೊಳವಾದೊಡನೆ ಮೂವರೂ ಗೇರುಸೊಪ್ಪೆಯ ಚತುರ್ಮುಖ ಬಸದಿಗೆ ಹೋದೆವು. ಕಾಡಿನ ನಡುವೆ ನಾಲ್ಕು ದಿಕ್ಕಿಗೂ ಬಾಗಿಲು ತೆರೆದು ನಿಂತ ಕಲ್ಲಿನ ಕಟ್ಟಡವದು. ಯಾವ ಬಾಗಿಲಿನಿಂದ ಹೊಕ್ಕರೂ ಜಿನಬಿಂಬವೊಂದು ಎದುರಾಗುವುದು. ಮಗಳು ಅಮ್ಮಮ್ಮನ ಕೈಹಿಡಿದು ನಾಲ್ಕೂ ಕಡೆ ಸುತ್ತಿಸಿದಳು. ಮನೆಗೆ ಬಂದಮೇಲೆ, ತಾನು ಬಿಟ್ಟಿದ್ದ ಹಳೆಯ ಕಾಲದ ಅಧ್ಯಾಯಗಳನ್ನು ಮೊದಲಿನಿಂದ ಓದತೊಡಗಿದಳು.

ನಾವು ಆ ಸಂಜೆಯೇ ನೆರೆಮನೆಗೆ ಹೋಗಿ, ರಾಣಿಯ ವಿಷಯವಾಗಿ ಆಡಿದ ಮಾತನ್ನು ತಿದ್ದಿಕೊಂಡು ಬಂದೆವು.