ಮೀನಿನ ಬಾಲಕ್ಕಿಂತ ಮೊದಲು ಸೋರೆಬುರುಡೆ

ಗದಗಿನಿಂದ ಹುಬ್ಬಳ್ಳಿಯ ಕಡೆ ಹೊರಟರೆ ಸಹಕಾರಿ ಸಂಘಗಳಿಗೆ ಹೆಸರಾದ ಹುಲಕೋಟಿ ಸಿಗುತ್ತದೆ. ಅದರ ನೆರೆಯ ಊರು ಕುರ್ತಕೋಟಿ. ವಿಮರ್ಶಕ ಕೀರ್ತಿನಾಥ ಕುರ್ತಕೋಟಿ (1928-2003) ಅವರ ಮನೆತನದ ಹೆಸರಿನಿಂದಾಗಿ, ಇತ್ತ ಕಾಲಿಡದ ಓದುಗರಿಗೂ ಈ ಊರ ಹೆಸರು ಗೊತ್ತು. ಸುತ್ತಮುತ್ತ ಕಣ್ಣು ಹಾಯುವಷ್ಟು ದೂರ ಎರಿಹೊಲ. ಮುಂಗಾರಿಗೆ ಹೆಸರು, ಶೇಂಗಾ, ಹತ್ತಿ, ಮೆಣಸಿನಕಾಯಿ. ಹಿಂಗಾರಿಗೆ ಬಿಳಿಜೋಳ, ಕಡಲೆ. ಜಿಲ್ಲೆಯ ಉತ್ತರದ ಅಂಚಿನಲ್ಲಿ ಮಲಪ್ರಭೆ, ದಕ್ಷಿಣದ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತವೆ. ನಡುವಿನ ಈ ಸೀಮೆ ನಂಬಿರುವುದು ಮಳೆಯನ್ನೇ.

ಹೊಳೆ ಇಲ್ಲದ ನಾಡಿನಲ್ಲಿ ಈಜಿನ ಮಾತೇಕೆ ಎಂದು ಕೇಳಬಹುದು. ಆದರೆ ಈ ಭಾಗದ ಹಿರಿಯರಲ್ಲಿ ಅನೇಕರು ಒಳ್ಳೆಯ ಈಜುಗಾರರು. ಅವರು ಕಲಿತದ್ದು ತೋಟದ ಬಾವಿಗಳಲ್ಲಿ, ಊರ ಕೆರೆಗಳಲ್ಲಿ. ಅವರ ಮೊಮ್ಮಕ್ಕಳು ಈಗ ನೀರನ್ನು ಮೊದಲು ನೋಡುವುದು ಮೊಬೈಲಿನ ಪರದೆಯ ಮೇಲೆ. ಅಲ್ಲಿ ನೀಲಿ ನೀರು, ಅದರೊಳಗೆ ಮಿನುಗುವ ಹುರುಪೆಯ ಬಾಲ ಬೀಸುತ್ತ ತೇಲುವ ಮತ್ಸ್ಯಕನ್ಯೆ. ಬೇಸಿಗೆ ರಜೆ ಬಂತೆಂದರೆ, 'ಅಪ್ಪಾ, ನನಗೂ ಅಂಥಾ ಬಾಲ ಬೇಕು' ಎಂಬ ಹಟ ಶುರು. ಬಾಲವೇನೋ ಹಣ ಕೊಟ್ಟರೆ ಮನೆ ಬಾಗಿಲಿಗೇ ಬರುತ್ತದೆ. ಅದನ್ನು ತೊಟ್ಟು ಇಳಿಯುವ ನೀರು ಯಾವುದು, ಇಳಿಯುವ ಮಗುವಿಗೆ ಈಜು ಎಷ್ಟು ಬರುತ್ತದೆ ಎಂಬುದನ್ನು ಮಾತ್ರ ಮನೆಯವರೇ ವಿಚಾರಿಸಬೇಕು.

ಬಾವಿಯ ಪಾಠಶಾಲೆ

ಹಳೆಯ ಕಾಲದ ಈಜಿನ ಶಾಲೆಗೆ ಶುಲ್ಕವಿರಲಿಲ್ಲ, ಪಠ್ಯಕ್ರಮ ಮಾತ್ರ ಇತ್ತು. ಚೆನ್ನಾಗಿ ಒಣಗಿದ ಸೋರೆಬುರುಡೆಯನ್ನೋ ಹಗುರವಾದ ಬೆಂಡನ್ನೋ ಹುಡುಗನ ಬೆನ್ನಿಗೆ ಕಟ್ಟುತ್ತಿದ್ದರು. ಸೊಂಟಕ್ಕೆ ಹಗ್ಗ, ಅದರ ಇನ್ನೊಂದು ತುದಿ ಮೆಟ್ಟಿಲ ಮೇಲೆ ನಿಂತ ಅಣ್ಣನ ಕೈಯಲ್ಲೋ ಕಾಕಾನ ಕೈಯಲ್ಲೋ ಇರುತ್ತಿತ್ತು. 'ಕಾಲು ಬಡಿ, ಕೈ ಬೀಸು' ಎಂಬ ಎರಡೇ ಮಂತ್ರ. ಭಯ ಕಳೆದಂತೆ ಬೆಂಡಿನ ಗಾತ್ರ ಕಿರಿದಾಗುತ್ತಿತ್ತು. ಆಮೇಲೆ ಬರೀ ಹಗ್ಗ, ಕೊನೆಗೆ ಅದೂ ಇಲ್ಲ. ಸೋರೆಬುರುಡೆಯ ಜಾಗಕ್ಕೆ ಮುಂದೆ ಲಾರಿಯ ಟ್ಯೂಬು, ಎಣ್ಣೆಯ ಪ್ಲಾಸ್ಟಿಕ್ ಕ್ಯಾನು ಬಂದವು. ಪಾಠ ಮಾತ್ರ ಬದಲಾಗಲಿಲ್ಲ.

ಈ ಪಾಠದ ಹಿಂದೆ ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಬರುವ ಆರ್ಕಿಮಿಡೀಸನ ತತ್ವವಿದೆ. ವಸ್ತುವೊಂದು ಎಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೆಯೋ ಅಷ್ಟು ನೀರಿನ ತೂಕದಷ್ಟು ಬಲ ಅದನ್ನು ಮೇಲಕ್ಕೆತ್ತುತ್ತದೆ. ಬಿಗಿಯಾಗಿ ಮುಚ್ಚಿದ 5 ಲೀಟರಿನ ಖಾಲಿ ಕ್ಯಾನು ಪೂರ್ತಿ ಮುಳುಗಿದಾಗ ಸುಮಾರು 5 ಕಿಲೋ ಭಾರವನ್ನು ಎತ್ತಿ ಹಿಡಿಯಬಲ್ಲದು. ಮನುಷ್ಯನ ದೇಹ ನೀರಿಗೆ ಹೋಲಿಸಿದರೆ ಹೆಚ್ಚೇನೂ ಭಾರವಲ್ಲ. ಎದೆ ತುಂಬ ಉಸಿರು ತೆಗೆದುಕೊಂಡರೆ ಬಹಳ ಜನ ತೇಲುತ್ತಾರೆ. ಮುಖ ನೀರಿನಿಂದ ಮೇಲಿರಲು ಬೇಕಾದದ್ದು ಇನ್ನೊಂದಿಷ್ಟು ಆಸರೆ. ಸೋರೆಬುರುಡೆ ಕೊಡುತ್ತಿದ್ದದ್ದು ಆ ಇಷ್ಟನ್ನೇ. ಕಾಲು ಬಡಿಯುವ ಕೆಲಸವನ್ನು ಮಗುವೇ ಮಾಡಬೇಕಿತ್ತು.

ಮತ್ಸ್ಯಕನ್ಯೆಯ ಬಾಲದ ಲೆಕ್ಕ ಇದಕ್ಕೆ ತದ್ವಿರುದ್ಧ. ಅದು ಈಜುಗಾರನನ್ನು ಮುಂದಕ್ಕೆ ನೂಕುತ್ತದೆ, ತೇಲಿಸುವುದಿಲ್ಲ. ಮೇಲಾಗಿ ಎರಡೂ ಕಾಲುಗಳನ್ನು ಒಂದಾಗಿ ಕಟ್ಟಿಹಾಕುತ್ತದೆ. ಹೊಸಬನಿಗೆ ಬೇಕಾದದ್ದು ಆಸರೆಯೇ ಹೊರತು ವೇಗವಲ್ಲ. ಬಾಲ ಕೊಡುವುದು ವೇಗ, ಕಿತ್ತುಕೊಳ್ಳುವುದು ಕಾಲು. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1837ರಲ್ಲಿ ಪ್ರಕಟಿಸಿದ ಕಥೆಯಲ್ಲಿ ಮತ್ಸ್ಯಕನ್ಯೆ ತನ್ನ ದನಿಯನ್ನೇ ಕೊಟ್ಟು ಕಾಲು ಪಡೆಯುತ್ತಾಳೆ. ಇಂದಿನ ಮಕ್ಕಳು ಕಾಲು ಕೊಟ್ಟು ಬಾಲ ಕೇಳುತ್ತಿದ್ದಾರೆ!

ಮೆಟ್ಟಿಲಿರುವ ನೀರು, ಮೆಟ್ಟಿಲಿಲ್ಲದ ನೀರು

ಗದಗಿನಿಂದ ಪೂರ್ವಕ್ಕೆ ಸುಮಾರು 12 ಕಿ.ಮೀ. ದೂರದ ಲಕ್ಕುಂಡಿಗೆ ಮಕ್ಕಳನ್ನು ಕರೆದೊಯ್ಯುವ ಪಾಲಕರು ಗುಡಿಗಳನ್ನು ತೋರಿಸಿ ಹಿಂದಿರುಗುವುದುಂಟು. ಮಾಣಿಕೇಶ್ವರ ಗುಡಿಯ ಬಳಿಯ ಮುಸುಕಿನ ಬಾವಿಯ ಮುಂದೆ ತುಸು ಹೊತ್ತು ನಿಲ್ಲಬೇಕು. ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳ ಜಾಣ್ಮೆ ಅಲ್ಲಿ ಕಾಣುತ್ತದೆ. ಮೂರು ಕಡೆಯಿಂದ ಮೆಟ್ಟಿಲುಗಳು ನೀರಿಗಿಳಿಯುತ್ತವೆ, ನಡುನಡುವೆ ಪುಟ್ಟ ಗುಡಿಯಂಥ ಗೂಡುಗಳಿವೆ. ನೀರು ಮೇಲೇರಲಿ, ಕೆಳಗಿಳಿಯಲಿ, ಅದರ ಅಂಚಿನಲ್ಲಿ ಒಂದು ಮೆಟ್ಟಿಲು ಇದ್ದೇ ಇರುತ್ತದೆ. ನೀರಿಗಿಳಿದವನು ಕೈ ಚಾಚಿದರೆ ಕಲ್ಲು ಸಿಗುತ್ತದೆ. ಇದು ಈಜುವ ಜಾಗವಲ್ಲ, ನೋಡಿ ಕಲಿಯುವ ಜಾಗ. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯಲ್ಲಿ ಮಕರವನ್ನೂ ಮಕ್ಕಳಿಗೆ ತೋರಿಸಬಹುದು. ಆನೆಯ ಸೊಂಡಿಲು, ಮೊಸಳೆಯ ಬಾಯಿ, ಬಳ್ಳಿಯಂತೆ ಸುರುಳಿಗೊಂಡ ಬಾಲ: ಬಾಲದ ಕನಸು ಈ ನಾಡಿಗೆ ಹೊಸದಲ್ಲವೆಂದು ಗೊತ್ತಾಗುತ್ತದೆ. ಲಕ್ಕುಂಡಿಯ ಅತ್ತಿಮಬ್ಬೆಯ ಆಶ್ರಯ ಪಡೆದ ಕವಿ ರನ್ನನು ತನ್ನ 'ಗದಾಯುದ್ಧ'ದಲ್ಲಿ ದುರ್ಯೋಧನನನ್ನು ವೈಶಂಪಾಯನ ಸರೋವರದ ನೀರೊಳಗೇ ಅಡಗಿಸಿದ. ಅವನಿಗೂ ಕೊನೆಗೆ ಮೇಲೆ ಬರಬೇಕಾಯಿತು!

ಮೆಟ್ಟಿಲಿಲ್ಲದ ನೀರಿನ ಕಥೆ ಬೇರೆ. 2014ರಲ್ಲಿ ರಾಜ್ಯ ಸರ್ಕಾರ ಒಣಬೇಸಾಯದ ರೈತರಿಗಾಗಿ ಕೃಷಿಭಾಗ್ಯ ಯೋಜನೆ ತಂದ ಮೇಲೆ ಎರಿಹೊಲಗಳಲ್ಲಿ ಕೃಷಿ ಹೊಂಡಗಳು ಹೆಚ್ಚಿದವು. ಮಳೆ ಕೈಕೊಟ್ಟಾಗ ಬೆಳೆ ಉಳಿಸಿದ ಈ ಹೊಂಡಗಳ ಉಪಕಾರ ದೊಡ್ಡದು. ಆದರೆ ಅವುಗಳ ಆಳ ಸಾಮಾನ್ಯವಾಗಿ 3 ಮೀಟರ್, ಅಂದರೆ ಸುಮಾರು ಹತ್ತು ಅಡಿ. ನೀರು ಇಂಗದಂತೆ ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ಎಣ್ಣೆ ಸವರಿದಂತೆ ಜಾರುತ್ತದೆ. ಇಳಿಜಾರಿನ ದಡ ಎರಡು ಮಾರು ಹತ್ತಿರದಲ್ಲೇ ಕಾಣುತ್ತಿದ್ದರೂ ಹತ್ತಲು ಹಿಡಿತ ಸಿಗುವುದಿಲ್ಲ. ಎಮ್ಮೆಗೆ ನೀರು ತರಲು ಹೋದ ಹುಡುಗ, ಕೈ ತೊಳೆಯಲು ಬಗ್ಗಿದ ಹುಡುಗಿ ಕಾಲು ಜಾರಿದ ಸುದ್ದಿಗಳು ರಾಜ್ಯದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿವೆ. ಒಬ್ಬರನ್ನು ಉಳಿಸಲು ಹೋಗಿ ಮತ್ತೊಬ್ಬರು ಮುಳುಗಿದ್ದೂ ಉಂಟು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಶಾಲೆಗೆ ಹೋಗುವ ಮಕ್ಕಳಿಗೆ ಈಜು ಮತ್ತು ನೀರಿನ ಎಚ್ಚರಿಕೆ ಕಲಿಸುವುದು, ನೀರಿಗೆ ಬೇಲಿ ಹಾಕುವುದು ಆ ಸಂಸ್ಥೆ ಸೂಚಿಸುವ ಮುಖ್ಯ ಉಪಾಯಗಳಲ್ಲಿ ಸೇರಿವೆ. ಹೊಂಡವಿರುವ ರೈತರು ಬೇಲಿಯ ಜೊತೆಗೆ, ದಡದ ಗೂಟಕ್ಕೆ ಕಟ್ಟಿದ ಗಂಟು ಹಗ್ಗವನ್ನು ನೀರಿನವರೆಗೂ ಇಳಿಬಿಟ್ಟರೆ, ಪಕ್ಕದಲ್ಲೊಂದು ಮುಚ್ಚಿದ ಖಾಲಿ ಕ್ಯಾನು ಇಟ್ಟರೆ, ಜೀವ ಉಳಿಸುವ ಸಾಮಾನು ಕೈಗೆಟುಕುವಲ್ಲೇ ಇರುತ್ತದೆ.

ಬಾಲದ ಆಸೆ ತಪ್ಪೇ?

ತಪ್ಪೇನೂ ಅಲ್ಲ. ಬಾವಿಯ ಪಾಠಶಾಲೆಯಲ್ಲಿ ಕಲಿತವರು ಹೆಚ್ಚಾಗಿ ಗಂಡುಮಕ್ಕಳೇ. ಕೊಡ ಹೊತ್ತು ದಿನವೂ ನೀರಿನ ಬಳಿ ಹೋಗುತ್ತಿದ್ದ ಹೆಣ್ಣುಮಕ್ಕಳಿಗೆ ಈಜು ಕಲಿಸಿದ ಮನೆಗಳು ಕಡಿಮೆ. ಮತ್ಸ್ಯಕನ್ಯೆಯ ಚಿತ್ರ ನೋಡಿ ಇಂದು ಒಬ್ಬ ಹುಡುಗಿ 'ನಾನೂ ನೀರಿಗಿಳಿಯುತ್ತೇನೆ' ಎಂದರೆ ಅದು ಒಳ್ಳೆಯ ಸೂಚನೆಯೇ.

ಆಸ್ಟ್ರೇಲಿಯದ ಆನೆಟ್ ಕೆಲ್ಲರ್‌ಮನ್ ಚಿಕ್ಕಂದಿನಲ್ಲಿ ಕಾಲಿನ ಬಲಹೀನತೆಯಿಂದ ಬಳಲಿದವಳು. ಕಾಲಿಗೆ ಶಕ್ತಿ ಬರಲೆಂದೇ ಮನೆಯವರು ಅವಳನ್ನು ಈಜಿಗೆ ಹಾಕಿದರು. ಮುಂದೆ ಹೆಸರಾಂತ ಈಜುಗಾರ್ತಿಯಾಗಿ, 1911ರ ಮೂಕಿ ಚಿತ್ರವೊಂದರಲ್ಲಿ ಬಾಲ ತೊಟ್ಟು ಮತ್ಸ್ಯಕನ್ಯೆಯಾದಳು. ಅಮೆರಿಕದ ಫ್ಲಾರಿಡಾದ ವೀಕಿ ವಾಚಿ ಚಿಲುಮೆಯಲ್ಲಿ 1947ರಲ್ಲಿ ಶುರುವಾದ ಮತ್ಸ್ಯಕನ್ಯೆಯರ ಪ್ರದರ್ಶನ ಇಂದಿಗೂ ಪ್ರಸಿದ್ಧ. ಇವರೆಲ್ಲ ಮೊದಲು ಈಜುಗಾರರು, ಆಮೇಲೆ ಮತ್ಸ್ಯಕನ್ಯೆಯರು. ಆ ಕ್ರಮವನ್ನು ತಿರುವುಮುರುವು ಮಾಡಬಾರದು.

ಕೊಳ್ಳುವ ಮುನ್ನ

ಮಗು ಯಾವ ಆಸರೆಯೂ ಇಲ್ಲದೆ 25 ಮೀಟರ್ ಈಜಬಲ್ಲದೇ? ಅಂಗಾತ ತೇಲಬಲ್ಲದೇ? ನಿಲುಕದ ನೀರಿನಲ್ಲಿ ಒಂದೆರಡು ನಿಮಿಷ ತಲೆ ಮೇಲಿಟ್ಟು ನಿಲ್ಲಬಲ್ಲದೇ? ಎರಡೂ ಕಾಲು ಜೋಡಿಸಿ, ಎದೆಯಿಂದ ಸೊಂಟಕ್ಕೆ, ಸೊಂಟದಿಂದ ಪಾದಕ್ಕೆ ಅಲೆ ಇಳಿಸುವಂತೆ ಡಾಲ್ಫಿನ್ ಒದೆತ ಹಾಕಬಲ್ಲದೇ? ನಾಲ್ಕಕ್ಕೂ 'ಹೌದು' ಎಂಬ ಉತ್ತರ ಬಂದರೆ ಬಾಲದ ಮಾತು ತೆಗೆಯಬಹುದು. ಒಂದಕ್ಕೆ 'ಇಲ್ಲ' ಎಂದರೂ ಆ ಹಣವನ್ನು ಈಜು ತರಬೇತಿಗೆ ಕಟ್ಟುವುದು ಮೇಲು.

ಬಾಲದಲ್ಲಿ ಎರಡು ಭಾಗ. ಒಳಗೆ ಮೊನೊಫಿನ್, ಅಂದರೆ ಎರಡೂ ಪಾದ ಸೇರಿಸಿ ತೊಡುವ ಒಂದೇ ಅಗಲ ರೆಕ್ಕೆ. ಹೊರಗೆ ಈಜುಡುಗೆಯ ಬಟ್ಟೆಯಂತೆ ಹಿಗ್ಗುವ ಹೊದಿಕೆ. ಗದಗ-ಲಕ್ಷ್ಮೇಶ್ವರ ರಸ್ತೆಯ ಕಡೆ ಇರುವ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳ ಪಾದ ನೋಡಿದವರಿಗೆ ಈ ರೆಕ್ಕೆಯ ಗುಟ್ಟು ತಿಳಿಯುತ್ತದೆ. ಬೆರಳುಗಳ ನಡುವಿನ ತೊಗಲು ಪಾದವನ್ನು ಅಗಲವಾಗಿಸುತ್ತದೆ. ಅಗಲವಾದ ಪಾದ ಹೆಚ್ಚು ನೀರನ್ನು ಹಿಂದಕ್ಕೆ ತಳ್ಳುತ್ತದೆ. ಆದರೆ ಹೆಬ್ಬಾತಿಗೆ ಎರಡು ಪಾದಗಳೂ ಬೇರೆಬೇರೆ ಇವೆ ಎಂಬುದನ್ನು ಮರೆಯಬಾರದು.

ಮೊದಲ ಬಾಲಕ್ಕೆ ಬಟ್ಟೆಯದೇ ಸರಿ. ಸಿನಿಮಾದಲ್ಲಿ ಕಾಣುವ ಸಿಲಿಕಾನ್ ಬಾಲ ಹತ್ತು ಕಿಲೋಗೂ ಮೀರಿ ತೂಗಬಹುದು, ಬೆಲೆಯೂ ದುಬಾರಿ. ಒಳಗೆ ರೆಕ್ಕೆಯೇ ಇಲ್ಲದ ಅಗ್ಗದ ಬಾಲಗಳು ವೇಷಭೂಷಣಕ್ಕಷ್ಟೇ ಲಾಯಕ್ಕು. ಅವು ಕಾಲು ಕಟ್ಟುತ್ತವೆ, ಮುಂದೆ ನೂಕುವುದಿಲ್ಲ. ನೀರಿಗೆ ಬೇಡವೇ ಬೇಡ. ಪಾದ ಸೇರಿಸುವ ಜಾಗ ಮೆತ್ತಗಿರಬೇಕು, ಹಿಮ್ಮಡಿಯ ಪಟ್ಟಿ ಒಂದೇ ಎಳೆತಕ್ಕೆ ಕಳಚುವಂತಿರಬೇಕು.

ಅಳತೆಯ ವಿಷಯದಲ್ಲಿ ನಮ್ಮ ಮನೆಗಳದೊಂದು ರೂಢಿಯಿದೆ. ಸಮವಸ್ತ್ರವಿರಲಿ, ಬೂಟಿರಲಿ, 'ಬೆಳೆಯೋ ಮಗು, ಒಂದು ಸೈಜು ದೊಡ್ಡದೇ ಇರಲಿ' ಎನ್ನುತ್ತೇವೆ. ಬಾಲಕ್ಕೆ ಈ ಉಳಿತಾಯ ಸಲ್ಲದು. ಸಡಿಲವಾದ ಹೊದಿಕೆಯೊಳಗೆ ನೀರು ತುಂಬಿ ಎಳೆಯುತ್ತದೆ, ಪಾದ ಜಾರಿ ರೆಕ್ಕೆ ತಿರುಚುತ್ತದೆ. ತೀರಾ ಬಿಗಿಯಾದದ್ದು ಬೇಕಾದಾಗ ಕಳಚುವುದಿಲ್ಲ. ಸೊಂಟ, ಮಂಡಿ, ಹರಡುಗಳ ಸುತ್ತಳತೆ, ಸೊಂಟದಿಂದ ನೆಲದವರೆಗಿನ ಉದ್ದ, ಪಾದದ ಉದ್ದ, ಇವನ್ನು ಟೇಪಿನಲ್ಲಿ ಅಳೆದೇ ಕೊಳ್ಳಬೇಕು.

ಬಾಲ ತೊಟ್ಟು ನಡೆಯುವಂತಿಲ್ಲ. ಕೊಳದ ಅಂಚಿನಲ್ಲಿ ಕುಳಿತೇ ತೊಡಬೇಕು. ಮೊದಲ ದಿನದ ಪಾಠ ಈಜುವುದಲ್ಲ, ಕಳಚುವುದು. ಎದೆಮಟ್ಟದ ನೀರಿನಲ್ಲಿ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ಈಜು ಬಲ್ಲ ಹಿರಿಯರು ನಿಂತಿರುವಾಗ, ಮಗು ಬಾಲವನ್ನು ತಾನೇ ಕಳಚಿ ನಿಲ್ಲಬೇಕು. ಹತ್ತು ಸಲ ಹೀಗೆ ಮಾಡಿದ ಮೇಲೆಯೇ ಮುಂದಿನ ಪಾಠ. ಉಸಿರು ಕಟ್ಟುವ ಪಂದ್ಯ ಬೇಡ. ಜೋರಾಗಿ ಉಸಿರಾಡಿ ಮುಳುಗಿದವರು ಯಾವ ಸೂಚನೆಯೂ ಇಲ್ಲದೆ ನೀರೊಳಗೆ ಎಚ್ಚರ ತಪ್ಪಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ಜಾಗ. ತಳ ಕಾಣುವ ತಿಳಿನೀರು, ಕಾವಲುಗಾರನಿರುವ ಈಜುಕೊಳ, ಅದೂ ಅಲ್ಲಿಯವರ ಒಪ್ಪಿಗೆ ಕೇಳಿಯೇ. ಕೆನಡಾದ ಎಡ್ಮಂಟನ್ ನಗರ 2015ರಲ್ಲಿ ತನ್ನ ಸಾರ್ವಜನಿಕ ಕೊಳಗಳಲ್ಲಿ ಇಂಥ ಬಾಲಗಳನ್ನು ನಿಷೇಧಿಸಿತು. ಹುಬ್ಬಳ್ಳಿ-ಧಾರವಾಡಕ್ಕೆ ಬಾಲ ಹೊತ್ತುಕೊಂಡು ಹೋಗುವ ಮುನ್ನ ವಿಚಾರಿಸುವುದು ಜಾಣತನ. ಬಾವಿ, ಕೆರೆ, ಹೊಳೆ, ಕಾಲುವೆ, ಕೃಷಿ ಹೊಂಡಗಳಲ್ಲಿ ಮಾತ್ರ ಬಾಲ ಖಂಡಿತ ಕೂಡದು. ಕಳೆಗೆ, ಬೇರಿಗೆ, ಮೆಟ್ಟಿಲ ಸಂದಿಗೆ ಸಿಕ್ಕಿದ ರೆಕ್ಕೆಯನ್ನು ರಾಡಿ ನೀರಿನಲ್ಲಿ ಬಿಡಿಸುವವರಾರು?

ಎಲ್ಲರಿಗೂ ಒಂದು ಪಾಠ

ಬಾಲ ಕೊಳ್ಳಲಿ ಬಿಡಲಿ, ಯಾರಾದರೂ ಮುಳುಗುತ್ತಿದ್ದರೆ ಏನು ಮಾಡಬೇಕೆಂಬುದು ಪ್ರತಿ ವಿದ್ಯಾರ್ಥಿಗೂ ಗೊತ್ತಿರಬೇಕು. ನೀರಿಗೆ ಹಾರಬಾರದು. ಮೊದಲು ಕೂಗಿ ಜನರನ್ನು ಕರೆಯಬೇಕು. ದಡದಲ್ಲಿ ಮಲಗಿ ಕೋಲು ಚಾಚಬೇಕು. ಹಗ್ಗ, ಸೀರೆ, ಖಾಲಿ ಕ್ಯಾನು, ಸಿಕ್ಕಿದ್ದನ್ನು ಎಸೆಯಬೇಕು. 112ಕ್ಕೆ ಇಲ್ಲವೇ 108ಕ್ಕೆ ಕರೆ ಮಾಡಬೇಕು. ಮೇಲೆತ್ತಿದವರನ್ನು ತಲೆಕೆಳಗು ಮಾಡುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ತಪ್ಪು. ಉಸಿರಿಲ್ಲದಿದ್ದರೆ ತರಬೇತಿ ಪಡೆದವರು ತಡಮಾಡದೆ ಬಾಯಿಂದ ಉಸಿರು ಕೊಟ್ಟು ಎದೆ ಒತ್ತಬೇಕು.

ಕುರ್ತಕೋಟಿಯಂಥ ಊರುಗಳಲ್ಲಿ ಈಜು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಕಲಿಸುವ ಬಾವಿಗಳು ಕಡಿಮೆಯಾಗಿವೆ, ಜಾರುವ ಹೊಂಡಗಳು ಹೆಚ್ಚಾಗಿವೆ. ಅಜ್ಜನ ತಲೆಯಲ್ಲಿರುವ ವಿದ್ಯೆ ಮೊಮ್ಮಗಳ ಕೈಕಾಲಿಗೆ ದಾಟಲು ಉಳಿದಿರುವುದು ಕೆಲವೇ ಬೇಸಿಗೆಗಳು. ಈ ರಜೆಯಲ್ಲಿ ಅವಳು ಬಾಲ ಕೇಳಿದರೆ ಬೈಯುವುದು ಬೇಡ. ಮೊದಲು ಈಜು ಕಲಿಯಲು ಸೇರಿಸಿರಿ. ಬಾಲದ ಮಾತು ಮುಂದಿನ ವರ್ಷಕ್ಕಿರಲಿ. ಅಷ್ಟರಲ್ಲಿ ಆ ಆಸೆ ಮರೆತುಹೋದರೂ ನಷ್ಟವಿಲ್ಲ. ಈಜು ಮಾತ್ರ ಒಮ್ಮೆ ಬಂದರೆ ಮರೆಯುವಂಥದ್ದಲ್ಲ.