ಹೆಸರು ಮನೆಗೆ ಬಂತು, ಲೆಕ್ಕ ಬರಲಿಲ್ಲ

ಹಾಕಿ ಅಂದರೆ ನನಗೆ ಗೊತ್ತಿದ್ದದ್ದು ಕೊಡಗಿನವರು ಆಡುವ ಹಾಕಿ, ಅಷ್ಟೇ. ಕುಮಟಾದಿಂದ ಬಂದು ಡೊಂಬಿವಲಿಯಲ್ಲಿ ನಲವತ್ತು ವರ್ಷ ಕಳೆದವನಿಗೆ ಮಂಜುಗಡ್ಡೆ ಅಂದರೆ ಫ್ರಿಜ್ಜಿನೊಳಗಿನದು ಮಾತ್ರ. ಹೀಗಿರುವಾಗ ಕಳೆದ ಚಳಿಗಾಲ ಕೆನಡಾದ ವಿನಿಪೆಗ್‌ನಲ್ಲಿರುವ ಮಗಳ ಮನೆಗೆ ಹೋದೆವು. ಅಳಿಯ ಒಂದು ಸಂಜೆ ‘ಮಾವ, ಜೆಟ್ಸ್ ಆಟಕ್ಕೆ ಹೋಗೋಣ’ ಅಂದ. ಹೊರಗೆ ಮೈನಸ್ ಇಪ್ಪತ್ತೈದು! ಬೇಡ ಅನ್ನುವ ಧೈರ್ಯ ಬರಲಿಲ್ಲ.

ಆಟ ನನಗೆ ಅರ್ಥವಾಗಲಿಲ್ಲ ಬಿಡಿ. ಆ ಕಪ್ಪು ರಬ್ಬರ್ ಬಿಲ್ಲೆ ಎಲ್ಲಿದೆ ಅಂತ ಹುಡುಕುವಷ್ಟರಲ್ಲಿ ಗೋಲಾಗಿರುತ್ತಿತ್ತು. ಅರ್ಥವಾದದ್ದು ಪಕ್ಕದ ಸೀಟಿನ ಅಜ್ಜ ಹೇಳಿದ ಕಥೆ.

ವಿನಿಪೆಗ್ ಜೆಟ್ಸ್ ಆಟಕ್ಕಿಳಿದದ್ದು 1972ರಲ್ಲಿ, ಎನ್‌ಎಚ್‌ಎಲ್‌ಗೆ ಪೈಪೋಟಿಯಾಗಿ ಆಗಷ್ಟೇ ಹುಟ್ಟಿದ್ದ ಡಬ್ಲ್ಯುಎಚ್‌ಎ ಎಂಬ ಲೀಗಿನಲ್ಲಿ. ಶಿಕಾಗೋದ ದೊಡ್ಡ ಆಟಗಾರ ಬಾಬಿ ಹಲ್‌ನನ್ನು ಹತ್ತು ಲಕ್ಷ ಡಾಲರ್ ಮುಂಗಡ ಕೊಟ್ಟು ಕರೆತಂದರು. 1974ರಲ್ಲಿ ಸ್ವೀಡನ್ನಿನಿಂದ ಹೆಡ್‌ಬರ್ಗ್, ನಿಲ್ಸನ್ ಬಂದರು. 1976, 78, 79ರಲ್ಲಿ ಆ ಲೀಗಿನ ಕಪ್ ಗೆದ್ದರು. 1979ರಲ್ಲಿ ಎನ್‌ಎಚ್‌ಎಲ್ ಸೇರಿದ ಮೇಲೆ ಪಾಡು ತಿರುಗಿತು. 1980-81ರಲ್ಲಂತೂ 80 ಆಟಗಳಲ್ಲಿ ಗೆದ್ದದ್ದು ಒಂಬತ್ತೇ! ಆ ಸೋಲಿನ ಬೆನ್ನಿಗೇ ಬಂದ ಹುಡುಗ ಡೇಲ್ ಹಾವರ್‌ಚಕ್. ಒಂಬತ್ತು ವರ್ಷದಲ್ಲಿ ಈ ಊರಿಗಾಗಿ 379 ಗೋಲು ಹೊಡೆದ.

ಆಮೇಲೆ ದುಡ್ಡಿನ ಕಷ್ಟ. ಟಿಕೆಟ್ಟಿನ ಹಣ ಬರುವುದು ಕೆನಡಾ ಡಾಲರಿನಲ್ಲಿ, ಆಟಗಾರರಿಗೆ ಸಂಬಳ ಕೊಡುವುದು ಅಮೆರಿಕದ ಡಾಲರಿನಲ್ಲಿ. ಊರು ಸಣ್ಣದು, ಕ್ರೀಡಾಂಗಣ ಹಳೆಯದು. 1995ರಲ್ಲಿ ಜನ ಬೀದಿಗಿಳಿದು ಚಂದಾ ಎತ್ತಿದರು. ಮಕ್ಕಳು ತಮ್ಮ ಹುಂಡಿಯ ಚಿಲ್ಲರೆಯನ್ನೂ ತಂದುಕೊಟ್ಟರಂತೆ. ಸಿಕ್ಕಿದ್ದು ಒಂದೇ ವರ್ಷದ ಗಡುವು. 1996ರ ಏಪ್ರಿಲ್ 28ರಂದು ಡೆಟ್ರಾಯಿಟ್ ಎದುರು 4-1ರಿಂದ ಸೋತು, ಜೆಟ್ಸ್ ಫೀನಿಕ್ಸಿಗೆ ಹೊರಟಿತು. ಹಿಮದೂರಿನ ತಂಡ ಮರುಭೂಮಿಗೆ! ಅಲ್ಲಿ ಅದರ ಹೆಸರು ಕಯೋಟೀಸ್.

ಹದಿನೈದು ವರ್ಷದ ನಂತರ, 2011ರಲ್ಲಿ, ಟ್ರೂ ನಾರ್ತ್ ಎಂಬ ಕಂಪನಿ ಅಟ್ಲಾಂಟಾದ ಥ್ರಾಷರ್ಸ್ ತಂಡವನ್ನು ಕೊಂಡು ವಿನಿಪೆಗ್‌ಗೆ ತಂದಿತು. ಮತ್ತೆ ಜೆಟ್ಸ್ ಅಂತಲೇ ಹೆಸರಿಟ್ಟರು. ‘ನಾವು ಕುಣಿದೆವು. ಆದರೆ ಆ ದಿನ ಅಟ್ಲಾಂಟಾದಲ್ಲೂ ಯಾವುದೋ ಮಗು ಅತ್ತಿರಬೇಕು’ ಅಂದರು ಅಜ್ಜ.

ಇನ್ನೊಂದು ತಮಾಷೆ ಕೇಳಿ. ಹೆಸರು ವಾಪಸು ಬಂತು, ಲೆಕ್ಕದ ಪುಸ್ತಕ ಬರಲಿಲ್ಲ. ಹೊಸ ಜೆಟ್ಸ್ ಜೊತೆ ಬಂದದ್ದು ಅಟ್ಲಾಂಟಾದ ದಾಖಲೆಗಳು. ಹಾವರ್‌ಚಕ್ ಹೊಡೆದ ಗೋಲುಗಳು ಮರುಭೂಮಿಯ ಖಾತೆಯಲ್ಲೇ ಉಳಿದವು. ಆ ಕಯೋಟೀಸ್ ಆಟಗಾರರೂ 2024ರಲ್ಲಿ ಯೂಟಾಕ್ಕೆ ಗಂಟುಮೂಟೆ ಕಟ್ಟಿದರು. ಊರಿನವರು ಮಾತ್ರ ಯಾವ ಪುಸ್ತಕವನ್ನೂ ಕೇಳಲಿಲ್ಲ. 2020ರಲ್ಲಿ ತೀರಿಕೊಂಡ ಹಾವರ್‌ಚಕ್‌ಗೆ 2022ರಲ್ಲಿ ಅಲ್ಲೇ ಪ್ರತಿಮೆ ನಿಲ್ಲಿಸಿದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕುಮಟಾದ ನಮ್ಮ ಮನೆ ಮಾರಿದ್ದು 1997ರಲ್ಲಿ. ಅಣ್ಣ ಕಾಗದ ಕಳಿಸಿದ, ನಾನು ಇಲ್ಲಿಂದಲೇ ಸಹಿ ಹಾಕಿ ಪೋಸ್ಟ್ ಮಾಡಿದೆ. ಫ್ಲ್ಯಾಟಿಗೆ ದುಡ್ಡು ಬೇಕಿತ್ತು, ಕೊನೆಯ ಸಲ ನೋಡಲೂ ಹೋಗಲಿಲ್ಲ. ಈಗ ಅಣ್ಣನ ಮಗ ‘ಚಿಕ್ಕಪ್ಪಾ, ಇಲ್ಲೊಂದು ಜಾಗವಿದೆ, ಮನೆ ಕಟ್ಟಿ ಬಂದುಬಿಡಿ. ಹಳೆಯ ಹೆಸರೇ ಇಡೋಣ’ ಅನ್ನುತ್ತಿದ್ದಾನೆ.

ಹೆಸರೇನೋ ಇಡಬಹುದು. ಆದರೆ ನನ್ನ ಲೆಕ್ಕವೆಲ್ಲ ಇರುವುದು ಡೊಂಬಿವಲಿಯಲ್ಲಿ. ಮಗಳು ಹುಟ್ಟಿದ್ದು ಇಲ್ಲಿ. ಹಾಸಿಗೆ ಹಿಡಿದ ಅಮ್ಮ ಊರು, ಊರು ಅನ್ನುತ್ತಲೇ ಕಣ್ಣು ಮುಚ್ಚಿದ್ದೂ ಇಲ್ಲಿ. 8.12ರ ಲೋಕಲ್ಲಿನಲ್ಲಿ ನಿಂತು ಸವೆಸಿದ ಮೂವತ್ತು ವರ್ಷವನ್ನು ಕುಮಟಾದ ಯಾವ ಗೋಡೆಗೆ ತೂಗುಹಾಕಲಿ?

ಹೆಂಡತಿಗೆ ಇದನ್ನೆಲ್ಲ ಹೇಳಿದೆ. ‘ಲೆಕ್ಕ ಇಲ್ಲೇ ಇರಲಿ, ನೀವು ಮೊದಲು ಹೋಗಿ ಜಾಗ ನೋಡಿಕೊಂಡು ಬನ್ನಿ’ ಅಂದಳು. ಮುಂದಿನ ವಾರ ಮತ್ಸ್ಯಗಂಧಕ್ಕೆ ಟಿಕೆಟ್ ಆಗಿದೆ. ಆ ಹಳೆಯ ಮನೆಯ ಮುಂದೆಯೂ ಒಮ್ಮೆ ಹಾದು ಬರಬೇಕು, 1997ರಲ್ಲಿ ಬಾಕಿ ಉಳಿದದ್ದು.

ನಿಮ್ಮ ಲೆಕ್ಕ ಯಾವ ಊರಿನಲ್ಲಿದೆ?