ಅಮ್ಮನ ಮೂಗುತಿ

ಅಮ್ಮನ ವರ್ಷದ ತಿಥಿಗೆಂದು ಕಟ್ಟು ಹಾಕಿಸಿ ತಂದ ಫೋಟೊವನ್ನು ಅಪ್ಪ ಬಹಳ ಹೊತ್ತು ನೋಡಿದರು. "ಮೂಗುತಿಯೇ ಇಲ್ಲವಲ್ಲೇ ಇದರಲ್ಲಿ?" ಎಂದರು.

ನನ್ನ ಎದೆ ಧಸಕ್ಕೆಂದಿತು. ಫೋಟೊ ತೆಗೆಸಿಕೊಳ್ಳಲು ಒಲ್ಲೆ ಎನ್ನುತ್ತಿದ್ದ ಅಮ್ಮ ನಗುನಗುತ್ತಾ ಕೂತಿದ್ದು ಅದೊಂದರಲ್ಲೇ. ಮೂಲ ಪ್ರತಿ ಗೆದ್ದಲಿನ ಪಾಲಾಗಿತ್ತು. ಅದಕ್ಕೆ ಮುಂಚೆ ಅಕ್ಕ ಸ್ಟುಡಿಯೋದಲ್ಲಿ ಸ್ಕ್ಯಾನ್ ಮಾಡಿಸಿದ್ದಳು. ಅದು ಮೊಬೈಲಿನಿಂದ ಮೊಬೈಲಿಗೆ ಹಾರುತ್ತಾ ಅಣ್ಣ, ಅತ್ತಿಗೆಯರನ್ನು ದಾಟಿ ನನ್ನ ಬಳಿ ಬಂದಿತ್ತು. ನಡುವೆ ಒಬ್ಬರು ಅಂಚು ಕತ್ತರಿಸಿದ್ದರು, ಇನ್ನೊಬ್ಬರು ಬೆಳಕು ಹೆಚ್ಚಿಸಿದ್ದರು.

ಕಂಪ್ಯೂಟರ್ ಓದುತ್ತಿರುವ ಮಗಳು ಕಾರಣ ಹೇಳಿದಳು. ಅದು ಜೆಪೆಗ್ ಎಂಬ ಬಗೆಯ ಫೈಲು. 1992ರಲ್ಲಿ ಇದರ ನಿಯಮಗಳು ಗೊತ್ತಾದವಂತೆ. ಚಿತ್ರವನ್ನು ನಮ್ಮ ಚುಕ್ಕಿ ರಂಗೋಲಿಯಂತೆ ಎಂಟಕ್ಕೆಂಟು, ಅಂದರೆ 64 ಚುಕ್ಕಿಗಳ ಚೌಕಗಳಾಗಿ ವಿಂಗಡಿಸಿ, ಕಣ್ಣು ಅಷ್ಟಾಗಿ ಗಮನಿಸದ ಸಣ್ಣಪುಟ್ಟ ವಿವರಗಳನ್ನು ಬಿಟ್ಟುಬಿಡುತ್ತದೆ. ಅದಕ್ಕೇ ಫೈಲು ಹಗುರ, ಕ್ಷಣದಲ್ಲಿ ಕಡಲಾಚೆಗೂ ತಲುಪುತ್ತದೆ. ಆದರೆ ಬಿಟ್ಟದ್ದು ಮರಳಿ ಬಾರದು. ತಿದ್ದಿ ಮತ್ತೆ ಸೇವ್ ಮಾಡಿದಾಗ ಇನ್ನಷ್ಟು ಹೋಗುತ್ತದೆ. ಸಂದೇಶ ಕಳಿಸುವ ಆ್ಯಪ್‌ಗಳೂ ದಾರಿಯಲ್ಲಿ ಕುಗ್ಗಿಸುತ್ತವೆ.

"ಒಗೆದಂತೆಲ್ಲ ಬಣ್ಣ ಬಿಡುವ ಸೀರೆ ಅನ್ನು" ಎಂದೆ.

"ಹೌದಮ್ಮ. ಪಿಎನ್‌ಜಿ ಅಂತ ಇನ್ನೊಂದಿದೆ. ಅದು ಮಡಿಸಿಟ್ಟ ಸೀರೆ. ಬಿಚ್ಚಿದರೆ ಒಂದೆಳೆಯೂ ಕಮ್ಮಿಯಿಲ್ಲ. ಆದರೆ ಫೋಟೊ ಇಟ್ಟರೆ ಜಾಗ ಜಾಸ್ತಿ ಬೇಕು."

ಜೆಪೆಗ್‌ಗೆ ಆಧಾರವಾದ ಗಣಿತವನ್ನು 1974ರಲ್ಲಿ ಇಬ್ಬರು ಜೊತೆಗಾರರೊಡನೆ ಪ್ರಕಟಿಸಿದ ನಾಸಿರ್ ಅಹ್ಮದ್ ಹುಟ್ಟಿದ್ದು ಬೆಂಗಳೂರಿನಲ್ಲಿ ಎಂದೂ ಹೇಳಿದಳು. ನಮ್ಮ ಕಡೆಯವರೇ ಎಂದು ಹೆಮ್ಮೆಯಾಯಿತು. ಅವರ ಗಣಿತದಲ್ಲಿ ತಪ್ಪೇನಿಲ್ಲ; ಮತ್ತೆ ಮತ್ತೆ ಒಗೆದವರು ನಾವು.

ಅಕ್ಕನಿಗೆ ಫೋನ್ ಮಾಡಿದೆ. ಸ್ಟುಡಿಯೋದವರು ಕೊಟ್ಟ ಸಿ.ಡಿ. ಅವಳ ಟ್ರಂಕಿನಲ್ಲಿ, ಅಮ್ಮನ ರೇಷ್ಮೆ ಸೀರೆಯ ಕೆಳಗಿತ್ತು. "ಫೋಟೊ ಅಂತ ಕಳಿಸಬೇಡಿ ದೊಡ್ಡಮ್ಮ, ಡಾಕ್ಯುಮೆಂಟ್ ಅಂತ ಕಳಿಸಿ. ಹಾಗಾದರೆ ಇದ್ದದ್ದು ಇದ್ದಂತೆ ಬರುತ್ತೆ" ಎಂದು ಮಗಳು ಹೇಳಿಕೊಟ್ಟಳು.

ಸಂಜೆ ಕಂಪ್ಯೂಟರಿನಲ್ಲಿ ತೆರೆದೆವು. ಅಮ್ಮನ ಎಡ ಮೂಗಿನ ಮೇಲೆ ಸಾಸಿವೆಯಷ್ಟು ಬಿಳಿ ಹೊಳಪು. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು.

"ಬೇರೆ ಕಟ್ಟು ಹಾಕಿಸು" ಎಂದರು.